ಎರಡು ಭಾಷೆಯ ಮನೆಯ ಪುಟ್ಟ ಮಕ್ಕಳು: ತಾಯಂದಿರ ಪ್ರಶ್ನೆಗಳಿಗೆ ವಾಕ್-ಶ್ರವಣ ತಜ್ಞೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೂರು-ನಾಲ್ಕು ವರ್ಷದೊಳಗಿನ ಮಕ್ಕಳ ತಾಯಂದಿರದು. ತಮ್ಮದು ಒಂದು ಭಾಷೆ, ಗಂಡನದೋ ಸುತ್ತಲಿನವರದೋ ಇನ್ನೊಂದು. ನಾನೂ ಇಂಥದೇ ಮನೆಯಲ್ಲಿ ಇಬ್ಬರನ್ನು ಬೆಳೆಸಿದವಳು. ಹಾಗಾಗಿ ಓದಿ ಕಲಿತದ್ದರ ಜೊತೆಗೆ ಪಟ್ಟು ಕಲಿತದ್ದನ್ನೂ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಾತು ಕನ್ನಡ, ಯಜಮಾನರದು ಬೇರೆ ಭಾಷೆ. ಮಗನಿಗೆ ಎರಡು ವರ್ಷ ಒಂದು ತಿಂಗಳು, ಮಗಳಿಗೆ ಏಳು ತಿಂಗಳು. ಮಗನ ವಾರಿಗೆಯ ಮಕ್ಕಳು ಪಟಪಟ ಮಾತಾಡುತ್ತಾರೆ, ಇವನದು ಕಡಿಮೆ. "ಎರಡೆರಡು ಭಾಷೆ ಮಾಡಿ ಮಗುವಿಗೆ ಗೊಂದಲ ಮಾಡಬೇಡಿ, ಕನ್ನಡ ಬಿಟ್ಟುಬಿಡಿ" ಎಂದು ವೈದ್ಯರೊಬ್ಬರು ಹೇಳಿದರು. ಅವನಿಗೆ ಬರುವ ಪದಗಳನ್ನು ಬರೆದಿಟ್ಟಿದ್ದೇನೆ: ಕನ್ನಡದವು 31, ಅಪ್ಪನ ಭಾಷೆಯವು 44. ಕೆಲವು ಎರಡರಲ್ಲೂ ಬರುತ್ತವೆ. ಕನ್ನಡ ನಿಲ್ಲಿಸಬೇಕೆ?

ನಿಲ್ಲಿಸಬೇಡಿ.

ನೀವು ಪದಗಳನ್ನು ಬರೆದಿಟ್ಟದ್ದು ಬಹಳ ಒಳ್ಳೆಯದಾಯಿತು. 31ಕ್ಕೆ 44 ಕೂಡಿಸಿದರೆ 75. ನೀವು ಕಳಿಸಿದ ಪಟ್ಟಿಯಲ್ಲಿ ನೀರು, ಬೆಕ್ಕು, ಬಾಗಿಲು ಹೀಗೆ 12ಕ್ಕೆ ಅವನ ಬಾಯಲ್ಲಿ ಎರಡೂ ಭಾಷೆಯ ಹೆಸರಿದೆ. ಅವನ್ನು ಒಂದೊಂದೇ ಎಂದು ಎಣಿಸಿದರೂ 63 ಸಂಗತಿಗಳನ್ನು ಅವನು ಹೆಸರಿಟ್ಟು ಹೇಳಬಲ್ಲ. ಎರಡು ವರ್ಷ ತುಂಬಿದಾಗ ನಾವು ನೋಡುವ ಕನಿಷ್ಠ ಮಟ್ಟ ಸುಮಾರು 50 ಪದ, ಜೊತೆಗೆ ಎರಡು ಪದ ಕೂಡಿಸಿ ಹೇಳುವುದು. "ಬಾಲ್ ಕೊಡು", "ಅಪ್ಪ ಬಂತು" ಅನ್ನುತ್ತಾನೆ ಎಂದು ನೀವೇ ಬರೆದಿದ್ದೀರಿ. ಒಂದೇ ಭಾಷೆಯ ಪದ ಎಣಿಸಿದರೆ ಅವನು ಹಿಂದುಳಿದವನಂತೆ ಕಾಣುತ್ತಾನೆ. ಎರಡನ್ನೂ ಎಣಿಸಿದರೆ ಹಾಗಲ್ಲ. ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲಿ ಇಂಗ್ಲಿಷ್-ಸ್ಪ್ಯಾನಿಷ್ ಮನೆಗಳ ಪುಟಾಣಿಗಳ ಪದಗಳನ್ನು ಹೀಗೇ ಎಣಿಸಿ ನೋಡಿದ್ದರು. ಎರಡೂ ಭಾಷೆ ಸೇರಿಸಿದಾಗ ಆ ಮಕ್ಕಳು ಒಂದೇ ಭಾಷೆಯ ಮಕ್ಕಳಿಗೆ ಸಮಸಮ ಇದ್ದರು.

ಎರಡು ಭಾಷೆಯಿಂದ ಬುದ್ಧಿ ಮಂಕಾಗುತ್ತದೆ ಎಂಬ ಮಾತು ಹಳೆಯದು. ಬಡ ವಲಸಿಗರ ಮಕ್ಕಳನ್ನು ಉಳ್ಳವರ ಮಕ್ಕಳ ಪಕ್ಕ ನಿಲ್ಲಿಸಿ, ಅವರಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಪರೀಕ್ಷೆ ಮಾಡಿದ್ದರಿಂದ ಬಂದ ತೀರ್ಮಾನ ಅದು. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಒಂದೇ ಬಗೆಯ ಮನೆಗಳ ಮಕ್ಕಳನ್ನು ಹೋಲಿಸಿದಾಗ ಎರಡು ಭಾಷೆಯವರೇ ಮುಂದಿದ್ದರು. ಅರವತ್ತು ವರ್ಷ ಕಳೆದರೂ ಹಳೆಯ ಮಾತು ಮಾತ್ರ ಸಾಯುತ್ತಿಲ್ಲ. ಅದನ್ನು ನಂಬಿ ತನ್ನ ಭಾಷೆ ಬಿಟ್ಟ ತಾಯಂದಿರನ್ನು ನಾನು ಕಂಡಿದ್ದೇನೆ. ಆಮೇಲೆ ಅವರು ಮಗುವಿನ ಜೊತೆ ಕಡಿಮೆ ಮಾತಾಡುತ್ತಾರೆ, ಹುಡುಕಿ ಹುಡುಕಿ ಮಾತಾಡುತ್ತಾರೆ. ನನಗೆ ನಿಜವಾದ ನಷ್ಟ ಕಾಣುವುದು ಅಲ್ಲೇ.

ಹಾಗಂತ ಎಲ್ಲ ತಡವನ್ನೂ ಭಾಷೆಯ ಮೇಲೆ ಹಾಕಿ ಸುಮ್ಮನಿರಬೇಡಿ. ವರ್ಷ ತುಂಬಿದರೂ ಮಗು "ಬಬ", "ದದ" ಅಂತ ತೊದಲದಿದ್ದರೆ, ಬೆರಳು ತೋರಿಸದಿದ್ದರೆ, ಕೈ ಬೀಸದಿದ್ದರೆ. 16 ತಿಂಗಳಾದರೂ ಯಾವ ಭಾಷೆಯ ಒಂದು ಪದವೂ ಬರದಿದ್ದರೆ. ಎರಡು ವರ್ಷಕ್ಕೂ ಎರಡು ಪದ ಜೋಡಿಸದಿದ್ದರೆ. ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹೊರಟುಹೋದರೆ, ಕಾಯದೆ ತೋರಿಸಿ. ಮೊದಲು ಕಿವಿ ಪರೀಕ್ಷೆ. ನಿಮ್ಮ ಮಗನಿಗೂ ಒಮ್ಮೆ ಮಾಡಿಸಿಬಿಡಿ, ಮನಸ್ಸಿಗೆ ಸಮಾಧಾನ. ಮಾತಿನ ತೊಂದರೆ ನಿಜವಾಗಿ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ, ಒಂದನ್ನು ಕಿತ್ತುಹಾಕಿದರೆ ವಾಸಿಯಾಗುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ.

ಮಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವಳ ಕೊರಳಿಗೆ ಬಿಬ್ ಹಾಕುವಾಗ "ಕತ್ತು ಎಲ್ಲಿ? ಕಟ್ಟು ಕಟ್ಟು" ಅನ್ನುತ್ತೀರಲ್ಲ, ಆ "ತ್ತ"ಕ್ಕೂ "ಟ್ಟ"ಕ್ಕೂ ಇರುವ ವ್ಯತ್ಯಾಸ ಏಳು ತಿಂಗಳ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಯ 6ರಿಂದ 8 ತಿಂಗಳ ಕೂಸುಗಳು ಹಿಂದಿಯ ತಕಾರ-ಟಕಾರಗಳನ್ನು ಬೇರೆ ಬೇರೆ ಎಂದು ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕಳೆದಿತ್ತು. ದಿನವೂ ಆ ಸದ್ದು ಕಿವಿಗೆ ಬೀಳುತ್ತಿದ್ದ ಹಿಂದಿ ಮನೆಯ ಕೂಸುಗಳಲ್ಲಿ ಮಾತ್ರ ಉಳಿದಿತ್ತು. "ಅದಕ್ಕೇನು ಅರ್ಥವಾಗುತ್ತೆ, ದೊಡ್ಡದಾಗಲಿ" ಎಂದು ಯಾರಾದರೂ ಅಂದರೆ ಇದನ್ನು ಹೇಳಿ.

ಪ್ರಶ್ನೆ: ಮೂರು ವರ್ಷದ ಮಗಳು ಕನ್ನಡ, ಇಂಗ್ಲಿಷ್ ಕಲಸಿ ಮಾತಾಡುತ್ತಾಳೆ. ಮೊನ್ನೆ "ಅಮ್ಮಾ, ಶೂನ ಓಪನ್ ಮಾಡು, ಫೂಟ್‌ಗೆ ನೋವಾಗ್ತಿದೆ" ಅಂದಳು. ನಾನೂ ಹಾಗೇ ಮಾತಾಡುವವಳು. ಎರಡೂ ಸರಿಯಾಗಿ ಬಾರದೆ ಹೋದರೆ?

ಆ ವಾಕ್ಯವನ್ನು ಇನ್ನೊಮ್ಮೆ ನೋಡಿ. "ಶೂ"ಗೆ "ನ" ಹಚ್ಚಿದ್ದಾಳೆ, "ಫೂಟ್"ಗೆ "ಗೆ" ಹಚ್ಚಿದ್ದಾಳೆ, ಎರಡೂ ಇರಬೇಕಾದ ಕಡೆಯೇ ಇವೆ. ಕ್ರಿಯಾಪದ ಕೊನೆಯಲ್ಲಿದೆ. ಇಂಗ್ಲಿಷ್ ಕ್ರಿಯೆಯನ್ನು ಕನ್ನಡಕ್ಕೆ ತರಬೇಕಾದರೆ ಹಿಂದೆ "ಮಾಡು" ಬೇಕು ಎನ್ನುವುದೂ ಗೊತ್ತಿದೆ. ಮೂರು ವರ್ಷಕ್ಕೆ ಕನ್ನಡ ವ್ಯಾಕರಣದ ಇಷ್ಟು ಕೆಲಸ ಅವಳು ಯಾರೂ ಹೇಳಿಕೊಡದೆ ಮಾಡಿದ್ದಾಳೆ. ಗೊಂದಲಗೊಂಡ ಮಗು ಹೀಗೆ ಜೋಡಿಸುವುದಿಲ್ಲ. ಮುಂದೆ "ಕೊಟ್ಟೆ" ಬದಲು "ಕೊಡ್ದೆ" ಅಂದರೂ ಗಾಬರಿಯಾಗಬೇಡಿ, ಅದು ನಿಯಮ ಕಂಡುಕೊಂಡ ಗುರುತು.

ಮಕ್ಕಳು ಎಷ್ಟು ಬೆರೆಸುತ್ತಾರೆ ಎನ್ನುವುದು ಬಹಳಮಟ್ಟಿಗೆ ನಾವೆಷ್ಟು ಬೆರೆಸುತ್ತೇವೆ ಎನ್ನುವುದರ ಮೇಲಿದೆ. ನನ್ನ ಅಭಿಪ್ರಾಯ ಹೇಳುವುದಾದರೆ, ಶೂ, ಫೋನ್, ಬಸ್‌ನಂಥ ಹೆಸರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕ್ರಿಯಾಪದಗಳನ್ನು ಮಾತ್ರ ಬಿಟ್ಟುಕೊಡಬೇಡಿ. "ಓಪನ್ ಮಾಡು" ಎಂಬ ಒಂದೇ ಮಾತು ಎಷ್ಟನ್ನು ನುಂಗುತ್ತದೆ ನೋಡಿ: ಬಾಗಿಲು ತೆರೆ, ಗಂಟು ಬಿಚ್ಚು, ಕಣ್ಣು ಬಿಡು, ಕೊಡೆ ಬಿಡಿಸು, ಮುಚ್ಚಳ ತೆಗೆ, ಬಾಯಿ ಆ ಮಾಡು. ನನ್ನ ಮನೆಯಲ್ಲೂ ಒಂದು ಕಾಲಕ್ಕೆ ಇವೆಲ್ಲ ಒಂದೇ "ಓಪನ್" ಆಗಿದ್ದವು. ಮಗು ತಪ್ಪಿದಾಗ ತಿದ್ದುವುದಕ್ಕಿಂತ ಅದರ ಮಾತನ್ನೇ ಎತ್ತಿಕೊಂಡು ಉತ್ತರಿಸುವುದು ಫಲ ಕೊಟ್ಟಿತು. "ಶೂ ಬಿಚ್ಚಬೇಕಾ? ಬಾ, ಬಿಚ್ಚೋಣ. ಯಾವ ಕಾಲು ನೋಯ್ತಿದೆ, ಇದಾ, ಇದಾ?" ಅಷ್ಟೇ. "ಹಾಗನ್ನಬಾರದು, ಹೀಗನ್ನು" ಎಂಬ ಪಾಠ ಬೇಡ. ಅವಳಿಗೆ ಕಾಲು ನೋಯುತ್ತಿದೆ, ವ್ಯಾಕರಣ ಅಲ್ಲ.

ಪ್ರಶ್ನೆ: ಮಗನಿಗೆ ಮೂರೂವರೆ. ಶಿಶುವಿಹಾರಕ್ಕೆ ಹೋಗಲು ಶುರುವಾದಾಗಿಂದ ನಾನು ಕನ್ನಡದಲ್ಲಿ ಕೇಳಿದರೆ ಅಲ್ಲಿನ ಭಾಷೆಯಲ್ಲಿ ಉತ್ತರಿಸುತ್ತಾನೆ. ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಡುವುದಿಲ್ಲ. ಈಗ ತಂಗಿಯ ಹತ್ತಿರವೂ ಅದೇ ಭಾಷೆ. "ಒಬ್ಬರಿಗೆ ಒಂದು ಭಾಷೆ" ಎಂಬ ನಿಯಮ ತಪ್ಪದೆ ಪಾಲಿಸಿದ್ದೇವೆ. ಎಲ್ಲಿ ತಪ್ಪಿತು?

ನೀವು ತಪ್ಪಿಲ್ಲ. ಆ ನಿಯಮದ ಮೇಲೆ ಅದು ಹೊರಲಾರದ ಭಾರ ಹಾಕಲಾಗಿದೆ. ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಜೂಲ್ ರೋಂಜಾ ತನ್ನ ಮಗನ ಜೊತೆ ತಾನು ಫ್ರೆಂಚ್, ಹೆಂಡತಿ ಜರ್ಮನ್ ಎಂದು ಹಂಚಿಕೊಂಡು, ಆದದ್ದನ್ನು 1913ರಲ್ಲಿ ಪ್ರಕಟಿಸಿದ. ನಿಯಮ ಅಲ್ಲಿಂದ ಜನಪ್ರಿಯವಾಯಿತು. ಬೆಲ್ಜಿಯಂನಲ್ಲಿ ಅನಿಕ್ ಡೆ ಹೌವರ್ ಸುಮಾರು 1,900 ಕುಟುಂಬಗಳಿಂದ ಮಾಹಿತಿ ಕಲೆಹಾಕಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಎಲ್ಲ ಮನೆಗಳಲ್ಲೂ ತಂದೆಯೋ ತಾಯಿಯೋ ಸುತ್ತಲಿನದಲ್ಲದ ಒಂದು ಭಾಷೆ ಆಡುತ್ತಿದ್ದರು. ಆದರೂ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮನೆಯ ಮಕ್ಕಳು ಆ ಭಾಷೆ ಆಡುತ್ತಿರಲಿಲ್ಲ. ಒಬ್ಬರಿಗೆ ಒಂದು ಭಾಷೆ ಎಂಬ ಪದ್ಧತಿ ಇರಲೇಬೇಕು ಅಂತಲೂ ಇಲ್ಲ, ಇದ್ದರೆ ಸಾಕು ಅಂತಲೂ ಇಲ್ಲ ಎಂಬುದು ಆಕೆ ಕಂಡದ್ದು. ಸುತ್ತಲಿನ ಭಾಷೆಗೆ ಆಟ, ಗೆಳೆಯರು, ಬೀದಿ ಎಲ್ಲ ಸಹಾಯಕ್ಕಿವೆ. ನಿಮ್ಮ ಭಾಷೆಗೆ ನೀವೊಬ್ಬರೇ. ನಿಮಗೂ ಆ ಇನ್ನೊಂದು ಭಾಷೆ ಅರ್ಥವಾಗುತ್ತದೆ ಎಂದು ಮಗನಿಗೆ ಚೆನ್ನಾಗಿ ಗೊತ್ತು.

ಇಲ್ಲಿ ಎಲಿಜಬೆತ್ ಲಾಂಜಾ ಅವರ ಕೆಲಸ ನನಗೆ ಬಹಳ ಉಪಯೋಗವಾಗಿದೆ. ನಾರ್ವೆಯಲ್ಲಿ ಎರಡು ಭಾಷೆಯ ಮನೆಗಳ ಮಾತುಕತೆ ಕೂತು ಕೇಳಿ, ಮಗು "ಬೇರೆ" ಭಾಷೆಯಲ್ಲಿ ಉತ್ತರಿಸಿದಾಗ ದೊಡ್ಡವರು ಏನು ಮಾಡುತ್ತಾರೆ ಎಂದು ಅವರು ಗಮನಿಸಿದರು. ಅರ್ಥವೇ ಆಗಲಿಲ್ಲ ಎನ್ನುವುದು ಒಂದು ತುದಿ, ತಾವೂ ಆ ಭಾಷೆಗೆ ಹೊರಳಿಬಿಡುವುದು ಇನ್ನೊಂದು ತುದಿ. ನಡುವೆ ಊಹಿಸಿ ಕೇಳುವುದು, ಮಗುವಿನ ಮಾತನ್ನೇ ತಮ್ಮ ಭಾಷೆಯಲ್ಲಿ ಮರುನುಡಿಯುವುದು, ಕೇಳಿಯೂ ಮುಂದೆ ಸಾಗುವುದು ಬರುತ್ತವೆ. ಮೂರೂವರೆಯ ಮಗುವಿಗೆ ನಾನು ಸೂಚಿಸುವುದು ಊಹಿಸಿ ಕೇಳುವುದನ್ನು. ಅವನು ಅಲ್ಲಿನ ಭಾಷೆಯಲ್ಲಿ "ಮೇಲೆ ಇದೆ, ತೆಗೆದುಕೊಡು" ಅಂದ ಅನ್ನಿ. ನೀವು ಎದ್ದು ನಿಂತು, "ಮೇಲಿರೋದಾ ಬೇಕು? ಕಾರಾ, ರೈಲಾ?" ಎನ್ನಿ. "ರೈಲು" ಅಂದರೆ ಆ ಕ್ಷಣದಲ್ಲೇ ಕೈಗೆ ಕೊಡಿ. ಹೌದು-ಇಲ್ಲ ಎಂಬ ಪ್ರಶ್ನೆಗೆ ಬರೀ ತಲೆಯಾಡಿಸಿ ತಪ್ಪಿಸಿಕೊಳ್ಳಬಹುದು, "ಇದಾ, ಅದಾ" ಎಂಬುದಕ್ಕೆ ಒಂದು ಪದವಾದರೂ ಬೇಕು. ಇದು ಆಟದ ಹೊತ್ತಿಗೆ. ಅಳುವಾಗ, ಬಿದ್ದು ಬಂದಾಗ, ಶಿಶುವಿಹಾರದಲ್ಲಿ ಆದ ನೋವು ಹೇಳುವಾಗ ಅವನು ಯಾವ ಭಾಷೆಯಲ್ಲಿ ಹೇಳಿದರೂ ಪೂರ್ತಿ ಕೇಳಿ, ನಿಮ್ಮ ಭಾಷೆಯಲ್ಲಿ ಸಮಾಧಾನ ಹೇಳಿ. ಅರ್ಥವಾಗದವರಂತೆ ನಟಿಸಬೇಡಿ. ನಟನೆ ಎಂದು ಅವನಿಗೆ ತಿಳಿಯುತ್ತದೆ, ಹೇಳುವುದನ್ನೇ ಬಿಡುತ್ತಾನೆ.

ಇನ್ನೊಂದು ಉಪಾಯ, ನಿಮ್ಮ ಭಾಷೆ ಮಾತ್ರ ಬಲ್ಲ ಒಬ್ಬ ಮನುಷ್ಯನನ್ನು ಅವನ ವಾರದೊಳಗೆ ತನ್ನಿ. ಅಜ್ಜಿ ಇರಬಹುದು, ಸೋದರಮಾವ ಇರಬಹುದು, ಓರಗೆಯ ಇನ್ನೊಂದು ಮಗುವಾದರೆ ಎಲ್ಲಕ್ಕಿಂತ ಮೇಲು. ತಂಗಿಯ ವಿಷಯಕ್ಕೆ ಬಂದರೆ, ದೊಡ್ಡ ಮಗು ಹೊರಗಿನ ಭಾಷೆಯನ್ನು ಮನೆಗೆ ತರುವುದು ಎಲ್ಲೆಲ್ಲೂ ಆಗುವಂಥದ್ದು. ಅವರಿಬ್ಬರ ನಡುವಿನ ಭಾಷೆಯನ್ನು ನೀವು ನಿರ್ಧರಿಸಲಾಗದು. ಅವಳೊಬ್ಬಳ ಜೊತೆ ನಿಮಗೆ ಸಿಗುವ ಹೊತ್ತನ್ನು ಗಟ್ಟಿ ಹಿಡಿಯಿರಿ.

ಪ್ರಶ್ನೆ: ನನಗೆ ಪುರುಸೊತ್ತಿಲ್ಲದಾಗ ಒಂದು ವರ್ಷದ ಮಗುವಿಗೆ ಫೋನಿನಲ್ಲಿ ಕನ್ನಡ ಶಿಶುಗೀತೆ ಹಾಕಿ ಕೊಡುತ್ತೇನೆ. ಭಾಷೆ ಕಲಿಯಲು ಸಾಕಲ್ಲವೇ?

ಸಾಲದು. ಪೆಟ್ರೀಷಿಯಾ ಕೂಲ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ 12 ಸಲ ಚೀನಿ ಮ್ಯಾಂಡರಿನ್ ಕೇಳಿಸಿದರು. ಎದುರು ಕೂತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಕಲಿತವು. ಅದೇ ಮಾತುಗಳ ವಿಡಿಯೊದಿಂದ ಏನೂ ಕಲಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಒಂದು ವರ್ಷದ ಮಗುವಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಅಜ್ಜಿಯ ವಿಡಿಯೊ ಕರೆ ಬೇರೆ ಮಾತು: ಅಲ್ಲಿ ಮಗು ನಕ್ಕರೆ ಅವರೂ ನಗುತ್ತಾರೆ, ಕರೆದರೆ ಓಗೊಡುತ್ತಾರೆ.

ಪ್ರಶ್ನೆ: ಎರಡೂವರೆ ವರ್ಷದವನು ಮತ್ತು ಮೂರು ತಿಂಗಳ ಕೂಸು. ಹಗಲಿಡೀ ಒಬ್ಬಳೇ. ಮಗುವಿನ ಜೊತೆ ಎಡೆಬಿಡದೆ ನಮ್ಮ ಭಾಷೆಯಲ್ಲಿ ಮಾತಾಡಿ ಎಂದು ಎಲ್ಲರೂ ಹೇಳುತ್ತಾರೆ. ಸಂಜೆ ಹೊತ್ತಿಗೆ ನನಗೆ ಯಾವ ಭಾಷೆಯೂ ಬರುವುದಿಲ್ಲ. ರೇಗಿದಾಗ ಅಪ್ಪನ ಭಾಷೆಯಲ್ಲೇ ಕೂಗಿಬಿಡುತ್ತೇನೆ. ರಾತ್ರಿ ಅಳು ಬರುತ್ತದೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಡೆಬಿಡದೆ ಮಾತಾಡಬೇಕಿಲ್ಲ, ತಾಯಿ. ಮಗುವಿನ ಕಿವಿಗೆ ಎಷ್ಟು ಪದ ಬಿತ್ತು ಎನ್ನುವುದಕ್ಕಿಂತ ಮಾತು ಎಷ್ಟು ಸಲ ಆಚೆಯಿಂದ ಈಚೆಗೆ ಬಂತು ಎನ್ನುವುದು ಮುಖ್ಯ. ಹಾಗಾಗಿ ಸುಮ್ಮನಿದ್ದು ಕಾಯುವುದೂ ಕೆಲಸವೇ.

ಬೇರೆ ಸಮಯ ಹುಡುಕಬೇಡಿ. ಹೇಗಿದ್ದರೂ ಮಾಡಲೇಬೇಕಾದ ಮೂರು ಕೆಲಸಗಳಿವೆ: ಸ್ನಾನ, ಬಟ್ಟೆ, ಮಲಗಿಸುವುದು. ಅವಿಷ್ಟು ಪೂರ್ತಿ ನಿಮ್ಮ ಭಾಷೆಯಲ್ಲಿ ಇರಲಿ. ನನ್ನ ದೊಡ್ಡವಳು ಕಾಲುಚೀಲ ಹಾಕಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಒಂದು ಕಾಲಿಗೆ ಹಾಕಿ, "ಇನ್ನೊಂದು ಎಲ್ಲಿ?" ಎಂದು ಕೇಳಿ ಬಾಯಿ ಮುಚ್ಚಿ ಕೂರುತ್ತಿದ್ದೆ, ಮನಸ್ಸಿನಲ್ಲೇ ಐದು ಎಣಿಸುತ್ತ. ಕಂಕುಳಲ್ಲಿ ಚಿಕ್ಕವನು. ಅವಳು ದಿಂಬಿನ ಕೆಳಗೆ ನೋಡುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು, ಆಮೇಲೆ ಮೆಲ್ಲಗೆ "ಇಲ್ಲಿ" ಅನ್ನುತ್ತಿದ್ದಳು. ಕೆಲವು ದಿನ ಇಡೀ ಬೆಳಗಿನಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ. ಪುಟ್ಟ ಮಕ್ಕಳಿಗೆ ಹೊಸದಕ್ಕಿಂತ ಅದದೇ ಮಾತು ಇಷ್ಟ. ದಿನಾ ಅದೇ ಪ್ರಶ್ನೆ, ಅದೇ ಲಾಲಿ ಸಾಕು. ಕೂಸಿಗೆ ಹೇಳುವ ಲಾಲಿಯನ್ನು ದೊಡ್ಡವನು ಪಕ್ಕದಲ್ಲಿ ಮಲಗಿ ಕೇಳಲಿ, ಒಂದರಲ್ಲಿ ಇಬ್ಬರಿಗೂ ಆಯಿತು.

ರೇಗಿದಾಗ ಯಾವ ಭಾಷೆ ಬಂತು ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ. ಆಮೇಲೆ ಹತ್ತಿರ ಕರೆದು "ಅಮ್ಮನಿಗೆ ಸಿಟ್ಟು ಬಂದಿತ್ತು, ಈಗ ಹೋಯಿತು" ಎಂದು ನಿಮ್ಮ ಭಾಷೆಯಲ್ಲಿ ಹೇಳಿ. ಸಿಟ್ಟು, ಬೇಜಾರು, ಸುಸ್ತು ಎಂಬ ಪದಗಳನ್ನೂ ಮಕ್ಕಳು ಎಲ್ಲಿಂದಲೋ ಕಲಿಯಬೇಕಲ್ಲ.

ರಾತ್ರಿಯ ಅಳುವಿನ ಬಗ್ಗೆ ಮಾತ್ರ ನಾನು ಸುಮ್ಮನಿರಲಾರೆ. ಹೆರಿಗೆಯಾದ ಮೊದಲ ಎರಡು ವಾರ ಅಳು ಬರುವುದು ಸಾಮಾನ್ಯ. ಮೂರು ತಿಂಗಳಾದ ಮೇಲೂ ದಿನವೂ ಅಳು, ಕೂಸು ಮಲಗಿದರೂ ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇದ್ದರೆ ಅದು ಭಾಷೆಯ ಪ್ರಶ್ನೆ ಅಲ್ಲ. ಹೆರಿಗೆಯ ನಂತರದ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಈ ವಾರವೇ ವೈದ್ಯರನ್ನು ಕಾಣಿ. ನಿಮಗೋ ಕೂಸಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ವಾರ ಕಾಯದೆ ಅಂದೇ ಹೋಗಿ. ಇಬ್ಬರು ಮಕ್ಕಳನ್ನೂ ಅವರ ಅಪ್ಪ ನೋಡಿಕೊಳ್ಳಲಿ, ಅವರ ಭಾಷೆಯಲ್ಲೇ ಆಗಲಿ. ಹೋಗಿ ಬಂದ ಮೇಲೆ ನನಗೆ ಎರಡು ಸಾಲು ಬರೆಯಿರಿ.