20 ಸಲ ಟಾಸ್ ಸೋತವರು 21ನೇ ಸಲ ಗೆಲ್ಲುವ ಸಾಧ್ಯತೆ ಹೆಚ್ಚೇ?

ಇಲ್ಲ. 21ನೇ ಸಲವೂ ಸಾಧ್ಯತೆ ಅರ್ಧಕ್ಕರ್ಧವೇ. ಹಿಂದೆ ಏನು ಬಿತ್ತೆಂಬ ನೆನಪು ನಾಣ್ಯಕ್ಕಿಲ್ಲ.

2023ರ ವಿಶ್ವಕಪ್ ಫೈನಲ್‌ನಿಂದ ಆರಂಭಿಸಿ ಭಾರತ ತಂಡ ಏಕದಿನ ಪಂದ್ಯಗಳಲ್ಲಿ ಸತತ 20 ಟಾಸ್ ಸೋತಿತು. 2025ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ಕೆ.ಎಲ್. ರಾಹುಲ್ ಎಡಗೈಯಲ್ಲಿ ನಾಣ್ಯ ಚಿಮ್ಮಿ ಗೆದ್ದರು. ಎಡಗೈಯೇ ಕೆಲಸ ಮಾಡಿತು ಎಂದವರೂ ಉಂಟು, ‘ಇನ್ನೆಷ್ಟು ಸೋಲಲು ಸಾಧ್ಯ, ಗೆಲ್ಲಲೇಬೇಕಿತ್ತು’ ಎಂದವರೂ ಉಂಟು. ಎರಡೂ ತಪ್ಪು.

ನಾವು ಎಡವುವುದು ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದ. ಶುರುವಿನಲ್ಲೇ ನಿಂತು ‘ಮುಂದಿನ 20ನ್ನೂ ಸೋಲುತ್ತಾರೆಯೇ?’ ಎಂದು ಕೇಳಿದರೆ ಸಾಧ್ಯತೆ 10,48,576ರಲ್ಲಿ ಒಂದು. ಆದರೆ 20 ಸೋತಾದ ಮೇಲೆ ಆ ಅಪರೂಪ ನಡೆದುಹೋಗಿದೆ. ಉಳಿದಿರುವುದು ಒಂದೇ ಟಾಸ್.

ಹಾಗಾದರೆ ಕೊನೆಗೆ ಲೆಕ್ಕ ಸರಿಹೋಗುತ್ತದೆ ಅನ್ನುತ್ತಾರಲ್ಲ, ಅದು ಹೇಗೆ? ಹೌದು, ಸರಿಹೋಗುತ್ತದೆ, ಆದರೆ ಸಾಲ ತೀರಿಸಿದಂತಲ್ಲ. 20 ಸೋಲಿನ ನಂತರ ಇನ್ನೂ 1000 ಟಾಸ್ ಆಗಿ, ಅದರಲ್ಲಿ ಸರಿಯಾಗಿ 500 ಗೆದ್ದರು ಎನ್ನಿ. ಒಟ್ಟು 1020ರಲ್ಲಿ 500, ಅಂದರೆ ಶೇ. 49. ಹಳೆಯ 20 ಸೋಲಿನ ಕೊರತೆ ಹಾಗೇ ಇದೆ. ಸಮುದ್ರಕ್ಕೆ ಸುರಿದ ಒಂದು ಬಕೆಟ್ ಬಣ್ಣದ ಹಾಗೆ ಅದು ತೆಳುವಾಯಿತಷ್ಟೇ, ಯಾರೂ ಅದನ್ನು ಹೊರತೆಗೆಯಲಿಲ್ಲ.

ಚೌಕಾಬಾರ ಆಡುವಾಗ ‘ಇಷ್ಟು ಹೊತ್ತು ಬಿದ್ದಿಲ್ಲ, ಈಗ ಬಾರ ಬಿದ್ದೇ ಬೀಳುತ್ತೆ’ ಎನ್ನುತ್ತೇವಲ್ಲ, ಅಲ್ಲಿ ಕವಡೆಗಳ ಕಥೆಯೂ ಇದೇ.