ಮಂಡಿಯ ಕಂಪ್ಯೂಟರಿಗೆ ಬ್ರೌಸರ್ ಮೂಲಕ ಬರುವ ಅಪಾಯ

ಪ್ರಶ್ನೆ: ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ನಮ್ಮದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಜಿಎಸ್‌ಟಿ, ಬ್ಯಾಂಕ್ ವ್ಯವಹಾರಗಳೆಲ್ಲ ಬ್ರೌಸರ್‌ನಲ್ಲೇ ನಡೆಯುತ್ತವೆ. ಈಚೆಗೆ ನಮ್ಮ ಗುಮಾಸ್ತರೊಬ್ಬರು ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಈಗಲೇ ಅಪ್‌ಡೇಟ್ ಮಾಡಿ’ ಎಂಬ ಸೂಚನೆಯನ್ನು ನಂಬಿ ಒತ್ತಿದಾಗ ಏನೋ ಇನ್‌ಸ್ಟಾಲ್ ಆಯಿತು. ಇನ್ನೊಂದು ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದೆ. ಒಳ್ಳೆಯ ಆಂಟಿವೈರಸ್ ಕೊಂಡರೆ ಸಾಕೇ?
– ಒಬ್ಬ ವರ್ತಕರು, ದಾವಣಗೆರೆ

ಉತ್ತರ: ಸಾಲದು. ಮೊದಲು ಆ ಕಂಪ್ಯೂಟರಿನ ಇಂಟರ್ನೆಟ್ ಸಂಪರ್ಕ ತಪ್ಪಿಸಿ, ಅದರಲ್ಲಿ ಬಳಸಿದ ಬ್ಯಾಂಕ್, ಜಿಎಸ್‌ಟಿ, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೊಂದು ಸುಸ್ಥಿತಿಯ ಕಂಪ್ಯೂಟರಿನಿಂದ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡಿ. ಇಂಥ ತಂತ್ರಾಂಶಗಳು ಪಾಸ್‌ವರ್ಡ್‌ಗಳ ಜೊತೆಗೆ, ನೀವು ಲಾಗಿನ್ ಆಗಿರುವುದನ್ನು ನೆನಪಿಟ್ಟುಕೊಳ್ಳುವ ಕುಕಿಗಳನ್ನೂ ಕದಿಯುತ್ತವೆ. ಅವು ಕೈಗೆ ಸಿಕ್ಕರೆ ಕಳ್ಳರಿಗೆ ಎಷ್ಟೋ ಖಾತೆಗಳಲ್ಲಿ ಒಟಿಪಿಯ ಅಗತ್ಯವೂ ಬೀಳುವುದಿಲ್ಲ. ಹಣ ಹೋಗಿದ್ದರೆ ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಆ ಕಂಪ್ಯೂಟರಿಗೆ ವಿಂಡೋಸನ್ನು ಹೊಸದಾಗಿ ಹಾಕಿಸಿಯೇ ಮತ್ತೆ ಬಳಸಿ.

ಗುಮಾಸ್ತರನ್ನು ದಯವಿಟ್ಟು ಗದರಬೇಡಿ; ಬೈಗುಳಕ್ಕೆ ಹೆದರಿದವರು ಮುಂದಿನ ಸಲ ವಿಷಯವನ್ನೇ ಮುಚ್ಚಿಡುತ್ತಾರೆ. ನಿಜವಾದ ಅಪ್‌ಡೇಟ್ ಯಾವುದೋ ಜಾಲತಾಣದ ಪುಟದಲ್ಲಿ ಬರುವುದಿಲ್ಲ ಎಂಬುದನ್ನು ಎಲ್ಲರಿಗೂ ತಿಳಿಸಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ತಾವಾಗಿಯೇ ಅಪ್‌ಡೇಟ್ ಆಗುತ್ತವೆ, ಆದರೆ ಬ್ರೌಸರನ್ನು ಮುಚ್ಚಿ ತೆರೆಯುವವರೆಗೆ ಅದು ಜಾರಿಗೆ ಬರುವುದಿಲ್ಲ. ಹರಾಜಿನ ಗಡಿಬಿಡಿಯಲ್ಲಿ ವಾರಗಟ್ಟಲೆ ತೆರೆದೇ ಇರುವ ಬ್ರೌಸರ್ ಹಳೆಯ ದೋಷಗಳೊಂದಿಗೇ ನಡೆಯುತ್ತಿರುತ್ತದೆ. ಆದ್ದರಿಂದ ಅಂಗಡಿ ಮುಚ್ಚುವಾಗ ಅದನ್ನೂ ಮುಚ್ಚುವ ರೂಢಿ ಬೆಳೆಸಿ.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಅಪಾಯವಿರುವುದು ಎಕ್ಸ್‌ಟೆನ್ಷನ್‌ಗಳಲ್ಲಿ, ಅಂದರೆ ಬ್ರೌಸರಿಗೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಲ್ಲಿ. ಪಿಡಿಎಫ್ ಜೋಡಿಸಲೆಂದು ಹಾಕಿಕೊಂಡ ಎಕ್ಸ್‌ಟೆನ್ಷನ್ ‘ಎಲ್ಲ ಜಾಲತಾಣಗಳ ಮಾಹಿತಿಯನ್ನು ಓದುವ ಮತ್ತು ಬದಲಿಸುವ’ ಅನುಮತಿ ಕೇಳಿ ಪಡೆದಿದ್ದರೆ, ನಿಮ್ಮ ಬ್ಯಾಂಕಿನ ಪುಟವೂ ಅದರ ಕಣ್ಣಿಗೆ ಬೀಳುತ್ತದೆ. ಕ್ರೋಮ್ ಮತ್ತು ಎಡ್ಜ್ ಎರಡರಲ್ಲೂ ಎಲ್ಲ ಎಕ್ಸ್‌ಟೆನ್ಷನ್‌ಗಳನ್ನು ತಡೆದು, ಬೇಕಾದವನ್ನಷ್ಟೇ ಬಿಡುವ ಆಡಳಿತ ನಿಯಮವನ್ನು ಅಳವಡಿಸಬಹುದು; ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವರಿಂದ ಅದನ್ನು ಮಾಡಿಸಿ. ಸಿಬ್ಬಂದಿಗೆ ಅಡ್ಮಿನ್ ಅಧಿಕಾರವಿಲ್ಲದ ಸಾಧಾರಣ ಖಾತೆಗಳನ್ನೇ ಕೊಡಿ. ಇದರಿಂದ ಕಳವು ಪೂರ್ತಿ ತಪ್ಪುತ್ತದೆ ಎನ್ನಲಾಗದಿದ್ದರೂ ಹಾನಿಯ ವ್ಯಾಪ್ತಿ ಕುಗ್ಗುತ್ತದೆ.

ಇನ್ನು ವಿಂಡೋಸ್ 7 ವಿಚಾರ. ಅದರಲ್ಲಿ ನಡೆಯುವ ಕೊನೆಯ ಕ್ರೋಮ್ 2023ರ ಜನವರಿಯಲ್ಲಿ ಬಂದ 109ನೇ ಆವೃತ್ತಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಇಂದೇ ನಿಲ್ಲಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಜೊತೆಗೇ ಬರುತ್ತದೆ. ಹಾಗಾಗಿ ಆಂಟಿವೈರಸ್‌ಗೆಂದು ತೆಗೆದಿಟ್ಟ ಹಣವನ್ನು ಹಳೆಯ ಕಂಪ್ಯೂಟರ್ ಬದಲಿಸುವುದಕ್ಕೆ ಬಳಸಿ.