ಗ್ರಾನ್ ಟುರಿಸ್ಮೊ 7: ಎಎಂಜಿ ವಿಷನ್ ಕಾರನ್ನು ಜಿಆರ್.3 ರೇಸಿಗೆ ಸೇರಿಸ್ತಿಲ್ಲ ಯಾಕೆ?

ಈ ಕಾರ್ ರೇಸ್ ವಿಡಿಯೊ ಗೇಮ್‌ನಲ್ಲಿ ನಿಮ್ಮ ಎಎಂಜಿ ವಿಷನ್ ಕಾರನ್ನು ಜಿಆರ್.3 ರೇಸಿಗೆ ಸೇರಿಸ್ತಿಲ್ಲ ಅಂತ ಕೇಳಿದ್ದೀರಿ. ತೊಂದರೆ ಪವರ್‌ದಲ್ಲ, ಗುಂಪಿನದು: ಗೇಮ್ ರೇಸ್ ಕಾರುಗಳನ್ನು ಜಿಆರ್.1, ಜಿಆರ್.3 ಹೀಗೆ ಗುಂಪು ಮಾಡಿದೆ. ಮರ್ಸಿಡಿಸ್ ಎಎಂಜಿ ವಿಷನ್ ಗ್ರಾನ್ ಟುರಿಸ್ಮೊ (ವಿಷನ್ ಅಂದ್ರೆ ಕಂಪನಿಗಳು ಈ ಗೇಮ್‌ಗೇ ವಿನ್ಯಾಸ ಮಾಡಿದ ಕಾರು) ಜಿಆರ್.3 ಕಾರೇ ಅಲ್ಲ. ಎಷ್ಟು ಟ್ಯೂನ್ ಮಾಡಿದರೂ ಗುಂಪು ಬದಲಾಗಲ್ಲ, ಸುಮ್ನೆ ಕ್ರೆಡಿಟ್ (ಗೇಮ್‌ನ ಹಣ) ಸುರಿಯಬೇಡಿ. ಮಾರಲೂಬೇಡಿ: 2013ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಿಜ ಅಳತೆಯಲ್ಲೇ ಮಾಡಿ ತೋರಿಸಿದ ಕಾರದು, ಗ್ರಿಲ್‌ನಲ್ಲೇ ಎಲ್‌ಇಡಿ! ಗುಂಪಿನ ಷರತ್ತಿಲ್ಲದ ರೇಸಿಗೆ ಆಗುತ್ತೆ.

ಯಾವ ರೇಸ್ ಅಂತ ನೀವು ಬರೆದಿಲ್ಲ. ಹಾಗಾಗಿ ಮೊದಲು ಅದರ ಷರತ್ತು ತೆರೆದು ಗುಂಪು, ಪಿಪಿ (ಕಾರಿನ ಸಾಮರ್ಥ್ಯದ ಅಂಕ) ಮಿತಿ ಎರಡನ್ನೂ ನೋಡಿ. ಜಿಆರ್.3 ರೇಸಿಗೂ ವಿಷನ್ ಕಾರೇ ಬೇಕು ಅಂದ್ರೆ ಗೇಮ್‌ನ ಹೊಸ ಕಾರುಗಳ ಅಂಗಡಿ ಬ್ರ್ಯಾಂಡ್ ಸೆಂಟ್ರಲ್‌ನಲ್ಲಿ ಪ್ಯೂಜೋ ಹುಡುಕಿ. ಅಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ವಿಷನ್ ಕಾರುಗಳಿವೆ, ಕೊನೆಗೆ ಜಿಆರ್.3 ಅಂತ ಇರೋದನ್ನೇ ತಗೊಳ್ಳಿ. ಬುಗಾಟಿ ಬೇಡ, ಅದರ ವಿಷನ್ ರೇಸ್ ಕಾರು ಜಿಆರ್.1. ಪಿಪಿ ಜಾಸ್ತಿ ಬಂದರೆ ಎಂಜಿನ್ ಪವರ್ ತಗ್ಗಿಸುವ ಪವರ್ ರಿಸ್ಟ್ರಿಕ್ಟರ್ ಹಾಕಿ ಇಳಿಸಿ.